ಇಂಚಿಲ್ಲದ ಅಳತೆ ಟೇಪ್

ಈ ಟೇಪಿನ ಮೇಲೆ ಇಂಚು ಇಲ್ಲ. ಸೆಂಟಿಮೀಟರ್ ಕೂಡ ಇಲ್ಲ. ಐದು ಮೀಟರ್ ಉದ್ದ, 25 ಮಿಲಿಮೀಟರ್ ಅಗಲದ ಉಕ್ಕಿನ ಪಟ್ಟಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಬರೀ ಮಿಲಿಮೀಟರ್. ಹತ್ತು, ಇಪ್ಪತ್ತು, ಮೂವತ್ತು ಎಂದು ಹತ್ತಕ್ಕೊಂದು ಅಂಕಿ, ನೂರಕ್ಕೊಮ್ಮೆ ಕೆಂಪು ಪಟ್ಟೆ. ಇಷ್ಟೇ. ಹೊಸ ಗುಣಗಳನ್ನು ಸೇರಿಸಿದ್ದೇವೆಂದು ಹೇಳಿ ಮಾರುವ ಸಾಮಾನುಗಳ ನಡುವೆ, ಇದ್ದದ್ದನ್ನು ತೆಗೆದುಹಾಕಿ ಉತ್ತಮವಾದ ಸಾಮಾನು ಅಪರೂಪ. ಅದಕ್ಕೇ ಇಷ್ಟು ಉದ್ದದ ವಿಮರ್ಶೆ.

ನಾನು ವೃತ್ತಿಯಿಂದ ನಕ್ಷೆ ಬರೆಯುವವನು, ಬಿಡುವಿನಲ್ಲಿ ಕಪಾಟು, ಪುಸ್ತಕದ ಅಲಮಾರು ಮಾಡುವವನು. ಹೀಗಾಗಿ ಅಳತೆಯ ಎರಡೂ ತುದಿಗಳು ನನ್ನ ಕೈಗೆ ಬರುತ್ತವೆ: ಕಾಗದದ ಮೇಲೆ ಬರೆದ ಸಂಖ್ಯೆ, ಮತ್ತು ಅದೇ ಸಂಖ್ಯೆಗೆ ಹಲಗೆ ಕುಯ್ಯಬೇಕಾದ ಗರಗಸ. ಇವೆರಡರ ನಡುವೆ ಓಡಾಡುವ ದೂತ ಈ ಟೇಪ್. ದೂತ ಎರಡು ಭಾಷೆ ಬಲ್ಲವನಾಗಿದ್ದರೆ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಬಳಸಿ ನೋಡಿದವರಿಗೆ ಹಾಗೆ ಅನ್ನಿಸುವುದಿಲ್ಲ.

ಎರಡೂ ಅಳತೆ ಇರುವ ಸಾಮಾನ್ಯ ಟೇಪನ್ನು ಗಮನಿಸಿ. ಒಂದು ಅಂಚಿನಲ್ಲಿ ಇಂಚು, ಇನ್ನೊಂದು ಅಂಚಿನಲ್ಲಿ ಮಿಲಿಮೀಟರ್. ಗೆರೆಗಳು ಪಟ್ಟಿಯ ಅರ್ಧಕ್ಕೇ ನಿಲ್ಲುತ್ತವೆ. ಪಟ್ಟಿ ಸೊಟ್ಟಗಾಗದೆ ಮುಂದಕ್ಕೆ ಚಾಚಿ ನಿಲ್ಲಲೆಂದು ಅದನ್ನು ಅಡ್ಡಡ್ಡ ಬಾಗಿಸಿ ತಯಾರಿಸಿರುತ್ತಾರೆ. ಆದ್ದರಿಂದ ಮರದ ಮೇಲೆ ಇಟ್ಟಾಗ ಅಂಚುಗಳು ಸ್ವಲ್ಪ ಎದ್ದಿರುತ್ತವೆ. ಪೆನ್ಸಿಲ್ ಗುರುತು ಹಾಕಬೇಕೆಂದರೆ ಒಂದು ಅಂಚನ್ನು ಕೆಳಕ್ಕೆ ಒತ್ತಿ ಹಲಗೆಗೆ ತಾಗಿಸಬೇಕು. ಆಗ ಇನ್ನೊಂದು ಅಂಚು ಇನ್ನಷ್ಟು ಮೇಲೇಳುತ್ತದೆ. ನಿಮಗೆ ಬೇಕಾದ ಅಳತೆ ಎದ್ದ ಅಂಚಿನಲ್ಲಿದ್ದರೆ ಕಣ್ಣು ಓರೆಯಾಗಿ ನೋಡಬೇಕು, ಒಂದು ಮಿಲಿಮೀಟರ್ ಎಲ್ಲೋ ಸೋರಿಹೋಗುತ್ತದೆ. ಇಲ್ಲವೇ ಹಲಗೆಯ ಆ ಬದಿಗೆ ಹೋಗಿ ನಿಲ್ಲಬೇಕು. ನಾನು ನೋಡುತ್ತಿರುವ ಟೇಪಿನಲ್ಲಿ ಗೆರೆಗಳು ಪಟ್ಟಿಯ ಪೂರಾ ಅಗಲಕ್ಕೆ ಇವೆ. ಯಾವ ಅಂಚನ್ನು ಒತ್ತಿದರೂ ಅದೇ ಗೆರೆ, ಅದೇ ಅಂಕಿ. ಅಂಕಿಗಳಿಗೂ ಜಾಗ ಹೆಚ್ಚು ಸಿಕ್ಕಿದ್ದರಿಂದ ದಪ್ಪಗೆ ಮುದ್ರಿಸಿದ್ದಾರೆ; ಕನ್ನಡಕ ಹಣೆಯ ಮೇಲಿದ್ದಾಗಲೂ ಓದಬಹುದು.

ನನ್ನ ಗೆಳೆಯನೊಬ್ಬನಿದ್ದಾನೆ, ನನಗಿಂತ ಒಳ್ಳೆಯ ಮರಗೆಲಸಗಾರ. ಈ ಟೇಪನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನು ಮಾಡಿದವನು ಹಟಮಾರಿ, ಕೊಂಡವನು ಇನ್ನೂ ಹಟಮಾರಿ" ಎಂದ. ಅವನ ವಾದ ಸರಳ: ಎರಡೂ ಇದ್ದರೆ ಬೇಕಾದವರು ಬೇಕಾದ್ದನ್ನು ನೋಡಿಕೊಳ್ಳುತ್ತಾರೆ, ಯಾರ ಮೇಲೂ ಬಲವಂತ ಬೇಡ. ದೇಶವೊಂದು ಮೆಟ್ರಿಕ್ ಪದ್ಧತಿಗೆ ಬದಲಾಗಬೇಕೇ ಎಂಬ ಚರ್ಚೆ ಎಲ್ಲಿ ನಡೆದರೂ ಕೊನೆಗೆ ಬಂದು ನಿಲ್ಲುವುದು ಇದೇ ಮಾತಿನ ಮೇಲೆ: ಬದಲಾಗೋಣ, ಆದರೆ ಹಳೆಯದೂ ಪಕ್ಕದಲ್ಲಿರಲಿ, ಜನ ಮೆಲ್ಲಗೆ ರೂಢಿಸಿಕೊಳ್ಳುತ್ತಾರೆ. ಕೇಳಲು ಉದಾರವಾದ ಮಾತು. ಆದರೆ ಎರಡು ಅಂಚಿನ ಟೇಪ್ ಹಿಡಿದ ಯಾವ ಕೈಯೂ ಹೊಸ ಅಳತೆ ಕಲಿತದ್ದನ್ನು ನಾನು ಕಂಡಿಲ್ಲ. ಕಣ್ಣು ತನಗೆ ಗೊತ್ತಿರುವ ಅಂಚಿಗೇ ಹೋಗುತ್ತದೆ. ಇನ್ನೊಂದು ಅಂಚು ಅಲಂಕಾರಕ್ಕೆ.

ಅವನನ್ನು ಒಪ್ಪಿಸಲು ಒಂದು ಲೆಕ್ಕ ಇಟ್ಟೆ. ಅಲಮಾರಿನ ಒಳ ಎತ್ತರ 43 ಇಂಚು ಮತ್ತು ಎಂಟನೇ ಐದು ಭಾಗ. ನಾಲ್ಕು ಅಡ್ಡಹಲಗೆ, ಒಂದೊಂದರ ದಪ್ಪ ಇಂಚಿನ ಮೂವತ್ತೆರಡನೇ ಇಪ್ಪತ್ತಮೂರು ಭಾಗ. (ಮುಕ್ಕಾಲು ಇಂಚು ಎಂದು ಅಮೆರಿಕದಲ್ಲಿ ಮಾರುವ ಪ್ಲೈವುಡ್ಡಿನ ನಿಜವಾದ ದಪ್ಪ ಇದು, ಅಲ್ಲಿ ಎರಡು-ನಾಲ್ಕು ಎಂದು ಕರೆಯುವ ಮರದ ತುಂಡು ಕೂಡ ಒಂದೂವರೆಗೆ ಮೂರೂವರೆ ಇಂಚು ಮಾತ್ರ ಇರುತ್ತದೆ.) ಐದು ಖಾನೆಗಳು ಸಮನಾಗಿ ಬರಬೇಕು. ನಾಲ್ಕು ಹಲಗೆಗಳ ದಪ್ಪ ಕಳೆದರೆ ನಲವತ್ತೂ ಮುಕ್ಕಾಲು ಇಂಚು ಉಳಿಯುತ್ತದೆ, ಐದರಿಂದ ಭಾಗಿಸಿದರೆ 8.15. ಈಗ ಆ ಸೊನ್ನೆ ಬಿಂದು ಹದಿನೈದನ್ನು ಟೇಪಿನ ಮೇಲೆ ಹುಡುಕಿ. ಹದಿನಾರನೇ ಎರಡು ಭಾಗದ ಗೆರೆ ಕಡಿಮೆಯಾಯಿತು, ಹದಿನಾರನೇ ಮೂರು ಹೆಚ್ಚಾಯಿತು. ಮೂವತ್ತೆರಡರ ಗೆರೆಯಿದ್ದರೆ ಐದನೆಯದು ಹತ್ತಿರ, ಆದರೂ ಅದೇ ಅಲ್ಲ. ಗೆಳೆಯ ಪೆನ್ಸಿಲ್ ಕಚ್ಚಿಕೊಂಡು, ಹಲಗೆಯ ಹಿಂಬದಿಯಲ್ಲಿ ಭಿನ್ನರಾಶಿ ಬರೆದು, ಅಳಿಸಿ, ಬರೆದ. ಅದೇ ಅಲಮಾರನ್ನು ಮಿಲಿಮೀಟರಿನಲ್ಲಿ ಮಾಡಿದರೆ ಎತ್ತರ 1108, ಹಲಗೆ ಹದಿನೆಂಟು. ನಾಲ್ಕು ಹದಿನೆಂಟು ಎಪ್ಪತ್ತೆರಡು. ಉಳಿದದ್ದು 1036, ಐದು ಭಾಗ ಮಾಡಿದರೆ 207.2. 207ಕ್ಕೆ ಗುರುತು ಹಾಕಿ, ಆ 0.2 ಮಿಲಿಮೀಟರನ್ನು ಉಜ್ಜುಕಾಗದಕ್ಕೆ ಬಿಟ್ಟುಬಿಡಿ. ಶಾಲೆಯ ನಾಲ್ಕನೇ ತರಗತಿಯ ಲೆಕ್ಕ.

ಹಾಗೆಂದು ಇಂಚಿನ ಪರವಾಗಿ ಹೇಳಲು ಏನೂ ಇಲ್ಲವೆಂದಲ್ಲ. ಅರ್ಧ, ಕಾಲು, ಅರೆಕಾಲು ಎಂದು ಮತ್ತೆ ಮತ್ತೆ ಎರಡಾಗಿ ಮಡಚುತ್ತಾ ಹೋಗುವುದು ಕೈಗೆ ಸಹಜವಾದ ಕೆಲಸ. ಅಡ್ಡಪಟ್ಟಿಯ ನಡು ಹುಡುಕಲು ಲೆಕ್ಕವೇ ಬೇಡ. ಅಡಿಯಲ್ಲಿರುವ ಹನ್ನೆರಡು ಇಂಚನ್ನು ಎರಡು, ಮೂರು, ನಾಲ್ಕು, ಆರರಿಂದ ಭಾಗಿಸಬಹುದು, ಮೀಟರನ್ನು ಮೂರು ಭಾಗ ಮಾಡಿದರೆ ಮೂರು ಮೂರು ಮೂರು ಎಂದು ಮುಗಿಯದ ಸಾಲು ಬರುತ್ತದೆ. ಗೆಳೆಯ ಇದನ್ನು ಹೇಳಿದಾಗ ನಾನು ತಲೆದೂಗಿದೆ. ಆದರೆ ಮೀಟರಿನ ಪ್ರಕಾರ ಕಟ್ಟುವ ದೇಶಗಳು ಇದಕ್ಕೆ ಉತ್ತರ ಕಂಡುಕೊಂಡು ಎಷ್ಟೋ ಕಾಲವಾಯಿತು. ಅವರು ಒಂದು ಮೀಟರನ್ನು ಮೂರು ಪಾಲು ಮಾಡಲು ಹೋಗುವುದೇ ಇಲ್ಲ. ಹಲಗೆ, ಬಾಗಿಲು, ಕಂಬಗಳ ಅಂತರ ಎಲ್ಲವೂ 300, 600, 1200, 2400ರ ಲೆಕ್ಕದಲ್ಲಿ. ಈ ಸಂಖ್ಯೆಗಳನ್ನು ಮೂರರಿಂದಲೂ ನಾಲ್ಕರಿಂದಲೂ ಭಾಗಿಸಬಹುದು, ಐದರಿಂದಲೂ. ಐದರಿಂದ ಭಾಗಿಸುವುದು ಹನ್ನೆರಡಕ್ಕೆ ಆಗದ ಕೆಲಸ.

ಸೆಂಟಿಮೀಟರನ್ನು ಏಕೆ ಬಿಟ್ಟರು ಎಂದು ಕೇಳುವವರಿಗೆ: ಆಸ್ಟ್ರೇಲಿಯಾದ ಕಟ್ಟಡ ಉದ್ಯಮವನ್ನು ನೋಡಿ. ಅಲ್ಲಿ ಮೆಟ್ರಿಕ್ ಪರಿವರ್ತನೆಯ ಕಾಯಿದೆ ಬಂದದ್ದು 1970ರಲ್ಲಿ. ಕಟ್ಟಡದ ಮಂದಿ ಮಿಲಿಮೀಟರ್ ಮತ್ತು ಮೀಟರ್ ಮಾತ್ರ ಇಟ್ಟುಕೊಂಡು ಸೆಂಟಿಮೀಟರನ್ನು ಹೊರಗಿಟ್ಟರು. ಕಾರಣ ಬುದ್ಧಿವಂತಿಕೆಯದು. 2400 ಎಂದು ನಕ್ಷೆಯಲ್ಲಿ ಬರೆದಿದ್ದರೆ ಅದು ಮಿಲಿಮೀಟರೇ ಆಗಿರಬೇಕು, ಹೆಚ್ಚುಕಡಿಮೆ ಎರಡೂವರೆ ಕಿಲೋಮೀಟರಿನ ಬಾಗಿಲನ್ನು ಯಾರೂ ಮಾಡುವುದಿಲ್ಲ. 2.400 ಎಂದಿದ್ದರೆ ಅದು ಮೀಟರು. ನಡುವೆ 240 ಎಂಬುದೊಂದು ಬಂದರೆ ಅದು 240 ಸೆಂಟಿಮೀಟರೋ 240 ಮಿಲಿಮೀಟರೋ ಎಂಬ ಹತ್ತು ಪಟ್ಟಿನ ಗೊಂದಲ. ಮಿಲಿಮೀಟರಿನಲ್ಲಿ ಬಿಂದುವೇ ಇಲ್ಲ, ಪೂರ್ಣ ಸಂಖ್ಯೆ ಮಾತ್ರ. ಮಳೆಯಲ್ಲಿ ನೆನೆದ ನಕ್ಷೆಯ ಮೇಲೆ ಬಿಂದು ಅಳಿಸಿಹೋಯಿತೆಂಬ ಭಯವೂ ಇಲ್ಲ. ನಕ್ಷೆ ಬರೆಯುವ ನನಗೆ ಇದು ಎಷ್ಟು ನೆಮ್ಮದಿ ಎಂದು ಬೇರೆಯವರಿಗೆ ವಿವರಿಸುವುದು ಕಷ್ಟ.

ಅದೇ ದೇಶ ರಸ್ತೆಯ ಫಲಕಗಳನ್ನು ಬದಲಾಯಿಸಿದ ರೀತಿಯೂ ಈ ಟೇಪಿನ ಸ್ವಭಾವದ್ದೇ. 1974ರ ಜುಲೈ ಒಂದೇ ತಿಂಗಳಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂತು. ಸೇತುವೆಯ ಎತ್ತರದಂಥ ಕೆಲವನ್ನು ಬಿಟ್ಟರೆ ಎರಡೂ ಸಂಖ್ಯೆ ಬರೆದ ಫಲಕಗಳನ್ನು ಬೇಕೆಂದೇ ಹಾಕಲಿಲ್ಲ. ಹೊಸ ವೇಗ ತಿಳಿಯದೆ ಜನ ರಸ್ತೆಯಲ್ಲಿ ಸಾಯುತ್ತಾರೆಂದು ವಿರೋಧಿಗಳು ಹೆದರಿಸಿದ್ದರು, ಹಾಗೇನೂ ಆಗಲಿಲ್ಲ. ಐರ್ಲೆಂಡ್ ಕೂಡ ವೇಗಮಿತಿಯ ಫಲಕಗಳಿಗೆ ಒಂದು ದಿನ ಗೊತ್ತುಮಾಡಿತು, 2005ರ ಜನವರಿ 20. ಆವತ್ತಿನಿಂದ ಕಿಲೋಮೀಟರ್.

ಎರಡು ಅಂಚಿನ ಟೇಪಿನ ದೇಶ ಯಾವುದೆಂದು ಹೇಳಬೇಕಿಲ್ಲ. ಅಮೆರಿಕದಲ್ಲಿ ಮೆಟ್ರಿಕ್ ಬಳಕೆಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1866ರಲ್ಲಿ. 1875ರ ಮೀಟರ್ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ ಹದಿನೇಳು ದೇಶಗಳಲ್ಲಿ ಅದೂ ಒಂದು. 1893ರಿಂದ ಅಲ್ಲಿನ ಗಜ ಮತ್ತು ಪೌಂಡುಗಳ ವ್ಯಾಖ್ಯಾನವೇ ಮೀಟರ್ ಮತ್ತು ಕಿಲೋಗ್ರಾಮಿನ ಮೇಲೆ ನಿಂತಿದೆ; 1959ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಒಂದು ಇಂಚು ಎಂದರೆ ಸರಿಯಾಗಿ 25.4 ಮಿಲಿಮೀಟರ್, ಒಂದು ಕೂದಲೆಳೆಯೂ ಹೆಚ್ಚಿಲ್ಲ ಕಡಿಮೆಯಿಲ್ಲ. ಅಂದರೆ ಇಂಚು ಈಗ ಮಿಲಿಮೀಟರಿನ ಮನೆಯಲ್ಲಿ ಬಾಡಿಗೆಗಿದೆ. 1975ರಲ್ಲಿ ಪರಿವರ್ತನೆಯ ಕಾಯಿದೆ ಬಂತು, ಮಂಡಳಿಯೊಂದನ್ನೂ ರಚಿಸಿದರು. ಆದರೆ ಎಲ್ಲವೂ ಸ್ವಇಚ್ಛೆಗೆ ಬಿಟ್ಟದ್ದು, ಮಂಡಳಿಗೆ ಯಾರಿಂದಲೂ ಏನನ್ನೂ ಮಾಡಿಸುವ ಅಧಿಕಾರವಿರಲಿಲ್ಲ. 1982ರಲ್ಲಿ ಅದನ್ನು ಮುಚ್ಚಿದರು. ಪೊಟ್ಟಣಗಳ ಮೇಲೆ ಎರಡೂ ಅಳತೆ ಇರಬೇಕೆಂಬ ನಿಯಮ 1990ರ ದಶಕದಲ್ಲಿ ಬಂತು. ಗ್ರಾಮು ಅಂದಿನಿಂದಲೂ ಔನ್ಸಿನ ಪಕ್ಕದಲ್ಲಿ ಕೂತಿದೆ, ನೋಡುವವರಿಲ್ಲ.

ಬ್ರಿಟನ್ನಿನದು ಇನ್ನೂ ತಮಾಷೆ. ಅಲ್ಲಿ ಪೆಟ್ರೋಲನ್ನು ಲೀಟರಿನಲ್ಲಿ ಕೊಳ್ಳುತ್ತಾರೆ, ದೂರವನ್ನು ಮೈಲಿಯಲ್ಲಿ ಹೇಳುತ್ತಾರೆ, ಕಾರು ಎಷ್ಟು ಕೊಡುತ್ತದೆ ಎಂಬುದನ್ನು ಗ್ಯಾಲನ್ನಿಗೆ ಇಷ್ಟು ಮೈಲಿ ಎಂದು ಲೆಕ್ಕ ಹಾಕುತ್ತಾರೆ. ಗ್ಯಾಲನ್ನಿನಲ್ಲಿ ಪೆಟ್ರೋಲ್ ಮಾರುವವರು ಒಬ್ಬರೂ ಇಲ್ಲ.

ಅಳತೆಯ ಗೊಂದಲ ಎಂದೊಡನೆ ಎಲ್ಲರೂ 1999ರಲ್ಲಿ ಕಳೆದುಹೋದ ಮಂಗಳ ನೌಕೆಯ ಕಥೆ ತೆಗೆಯುತ್ತಾರೆ. ನನಗೆ ಅದಕ್ಕಿಂತ ಕೆನಡಾದ ವಿಮಾನದ ಕಥೆ ಮುಖ್ಯ, ಏಕೆಂದರೆ ಅದು ಅರ್ಧ ಬದಲಾದ ದೇಶದ ಕಥೆ. 1983ರ ಜುಲೈ 23, ಏರ್ ಕೆನಡಾದ ಬೋಯಿಂಗ್ 767. ಆ ಮಾದರಿಯ ವಿಮಾನ ಇಂಧನವನ್ನು ಕಿಲೋಗ್ರಾಮಿನಲ್ಲಿ ಲೆಕ್ಕ ಹಾಕುತ್ತಿತ್ತು. ಸಂಸ್ಥೆಯ ಉಳಿದ ವಿಮಾನಗಳು ಪೌಂಡಿನಲ್ಲಿ. ಇಂಧನದ ಮಾಪಕ ಕೆಟ್ಟಿದ್ದರಿಂದ ಟ್ಯಾಂಕಿನ ಅಳತೆಕಡ್ಡಿಗಳಿಂದ ಲೀಟರ್ ಲೆಕ್ಕ ತೆಗೆದರು. ಅದನ್ನು ತೂಕಕ್ಕೆ ತಿರುಗಿಸುವಾಗ 0.8ರಿಂದ ಗುಣಿಸುವ ಬದಲು 1.77ರಿಂದ ಗುಣಿಸಿದರು. ಮೊದಲನೆಯದು ಲೀಟರಿಗೆ ಕಿಲೋ, ಎರಡನೆಯದು ಲೀಟರಿಗೆ ಪೌಂಡು. ಬೇಕಾಗಿದ್ದದ್ದು 22,300 ಕಿಲೋ. ಹೊತ್ತು ಹೊರಟದ್ದು ಅದರ ಅರ್ಧಕ್ಕೂ ಕಡಿಮೆ. ಆಕಾಶದಲ್ಲಿ ಎರಡೂ ಎಂಜಿನ್ ನಿಂತುಹೋದವು. ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯ ಮೇಲೆ ವಿಮಾನವನ್ನು ತೇಲಿಸಿ ಇಳಿಸಿದ ಪೈಲಟ್‌ಗಳ ಕೌಶಲದಿಂದ ಎಲ್ಲರೂ ಬದುಕಿದರು. ಎಲ್ಲವೂ ಪೌಂಡಿನಲ್ಲಿದ್ದರೆ ಇದು ಆಗುತ್ತಿರಲಿಲ್ಲ, ಎಲ್ಲವೂ ಕಿಲೋದಲ್ಲಿದ್ದರೂ ಆಗುತ್ತಿರಲಿಲ್ಲ. ಅಪಾಯವಿದ್ದದ್ದು ಎರಡೂ ಒಟ್ಟಿಗೆ ಇದ್ದುದರಲ್ಲಿ. ಮೆಟ್ರಿಕ್ ವಿರೋಧಿಗಳು ಇದೇ ಕಥೆಯನ್ನು ತಮ್ಮ ಪರ ಸಾಕ್ಷಿಯಾಗಿ ಹೇಳುವುದುಂಟು. ನಾನು ಇದನ್ನು ಬೇಗ ಬದಲಾಗಬೇಕೆಂಬುದಕ್ಕೆ ಸಾಕ್ಷಿಯಾಗಿ ಹೇಳುತ್ತೇನೆ.

"ಖರ್ಚು ಯಾರು ಕೊಡುತ್ತಾರೆ?" ಎಂದು ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಫಲಕಗಳು, ತಕ್ಕಡಿಗಳು, ಯಂತ್ರಗಳು, ಪಠ್ಯಪುಸ್ತಕಗಳು, ಹಳೆಯ ಜಮೀನಿನ ದಾಖಲೆಗಳು. ಒಂದು ತಲೆಮಾರು ಕೈಯಳತೆಯನ್ನು ಹೊಸದಾಗಿ ಕಲಿಯಬೇಕು, ಅದಕ್ಕೆ ಬೆಲೆ ಕಟ್ಟುವುದು ಸುಲಭವಲ್ಲ. ಆದರೆ ಆ ಖರ್ಚು ಒಮ್ಮೆ ಬರುತ್ತದೆ, ಹೋಗುತ್ತದೆ. ಎರಡು ಪೆಟ್ಟಿಗೆ ಸ್ಪ್ಯಾನರ್, ಎರಡು ಪೆಟ್ಟಿಗೆ ಡ್ರಿಲ್ ಬಿಟ್, ಎರಡು ಬಗೆಯ ಬೋಲ್ಟು ಇಟ್ಟುಕೊಳ್ಳುವ ಖರ್ಚು ನಿಲ್ಲುವುದೇ ಇಲ್ಲ. ಎಂಟು ಮಿಲಿಮೀಟರಿನ ಬೋಲ್ಟಿಗೂ ಹದಿನಾರನೇ ಐದು ಇಂಚಿನ ಬೋಲ್ಟಿಗೂ ದಪ್ಪದಲ್ಲಿ ಇರುವ ಅಂತರ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ. ಒಂದರ ನಟ್ಟಿಗೆ ಇನ್ನೊಂದನ್ನು ಹಾಕಿದರೆ ಒಂದೆರಡು ಸುತ್ತು ವಿನಯದಿಂದ ಒಳಗೆ ಹೋಗಿ, ಆಮೇಲೆ ತಿರುಪಿನ ಎಳೆಗಳನ್ನು ಅರೆದುಕೊಂಡು ಅಲ್ಲೇ ಕೂರುತ್ತದೆ. ಈ ಬೈಗುಳದ ಬಿಲ್ಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ವಿಷಯ ಗೆಳೆಯನಿಗೇ ಹೊಳೆಯಿತು, ನಾನು ಹೇಳಬೇಕಾಗಲಿಲ್ಲ. ಕಪಾಟಿನ ಬಾಗಿಲಿಗೆ ಹಾಕುವ, ಹೊರಗೆ ಕಾಣದಂತೆ ಒಳಗೆ ಕೂರುವ ಹಿಂಜುಗಳ ದುಂಡು ಬಟ್ಟಲಿನ ಅಗಲ 35 ಮಿಲಿಮೀಟರ್. ಅಡ್ಡಹಲಗೆ ಏರಿಸಿ ಇಳಿಸಲು ಪಕ್ಕದಲ್ಲಿ ಕೊರೆಯುವ ತೂತುಗಳ ಸಾಲು ಮೂವತ್ತೆರಡು ಮಿಲಿಮೀಟರಿಗೊಂದು, ಅಂಚಿನಿಂದ ಮೂವತ್ತೇಳು ಒಳಗೆ, ತೂತಿನ ಅಗಲ ಐದು. ಯುರೋಪಿನಿಂದ ಹೊರಟ ಈ ಪದ್ಧತಿಯನ್ನು ಇಂಚಿನ ದೇಶಗಳ ಕಪಾಟು ತಯಾರಕರೂ ಬಳಸುತ್ತಾರೆ, ಏಕೆಂದರೆ ಹಿಂಜು ಹಾಗೇ ಬರುತ್ತದೆ. ಮೆಟ್ರಿಕ್ ಬೇಡ ಎನ್ನುವ ದೇಶದ ಅಡುಗೆಮನೆಯ ಬಾಗಿಲೂ ಮಿಲಿಮೀಟರಿನ ಮೇಲೇ ತೂಗುತ್ತಿದೆ.

ಆದರೆ ಸಂಖ್ಯೆ ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದನ್ನೂ ಈ ಟೇಪೇ ತೋರಿಸಿಕೊಟ್ಟಿತು. ಎಂಟು ಅಡಿಗೆ ನಾಲ್ಕು ಅಡಿಯ ಪ್ಲೈವುಡ್ ಹಾಳೆಯನ್ನು ಅನೇಕ ಕಡೆ 2440ಕ್ಕೆ 1220 ಎಂದು ಹೆಸರಿಸಿ ಮಾರುತ್ತಾರೆ. ಹಾಳೆ ಅದೇ, ಚೀಟಿ ಬೇರೆ. ನಿಜವಾಗಿ ಬದಲಾದ ದೇಶದಲ್ಲಿ ಹಾಳೆಯೇ 2400ಕ್ಕೆ 1200. 600ರ ಅಂತರದಲ್ಲಿ ನಿಲ್ಲಿಸಿದ ಕಂಬಗಳ ಮೇಲೆ ಎರಡನೆಯದು ಸರಿಯಾಗಿ ಕೂರುತ್ತದೆ, ಮೊದಲನೆಯದು ಪ್ರತಿ ಹಾಳೆಗೂ ಸ್ವಲ್ಪ ಸ್ವಲ್ಪ ಹೊರಗೆ ಜಾರುತ್ತಾ ಗೋಡೆಯ ಕೊನೆಗೆ ಬರುವ ಹೊತ್ತಿಗೆ ಕಂಬವನ್ನೇ ತಪ್ಪಿಸಿಕೊಳ್ಳುತ್ತದೆ. ಅರ್ಧ ಇಂಚಿನ ಕೊಳವೆಯದ್ದಂತೂ ಹೇಳುವುದೇ ಬೇಡ: ಉಕ್ಕಿನ ಆ ಕೊಳವೆಯ ಹೊರ ಅಗಲ 21.3 ಮಿಲಿಮೀಟರ್, ಒಳ ಅಗಲವೂ ಸರಿಯಾಗಿ ಅರ್ಧ ಇಂಚಲ್ಲ. ಕಾರಿನ ಟೈರಿನ ಮೇಲೆ 205/55 ಆರ್ 16 ಎಂದಿದ್ದರೆ ಅಗಲ ಮಿಲಿಮೀಟರಿನಲ್ಲಿ, ಚಕ್ರ ಇಂಚಿನಲ್ಲಿ. ಇವುಗಳ ಜೊತೆ ಜಗಳವಾಡಲು ನನಗೆ ಸಮಯವಿಲ್ಲ. ದೇಶ ಬದಲಾಗುವಾಗ ಎಲ್ಲವೂ ಬದಲಾಗಬೇಕಿಲ್ಲ, ನಕ್ಷೆ, ಹಲಗೆ, ಔಷಧ, ಇಂಧನ ಬದಲಾದರೆ ಸಾಕು.

ಈಗ ಟೇಪಿನ ಕುಂದುಗಳು. ಒಂದು ಮೀಟರ್ ದಾಟಿದ ಮೇಲೆ ಅಂಕಿಗಳನ್ನು ಪೂರ್ತಿ ಬರೆಯದೆ ಮತ್ತೆ ಹತ್ತರಿಂದ ಶುರುಮಾಡಿದ್ದಾರೆ. ಎಷ್ಟನೇ ಮೀಟರಿನಲ್ಲಿದ್ದೇವೆ ಎಂಬುದು ನೂರರ ಕೆಂಪು ಪಟ್ಟೆಯ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿದೆ. 1340 ಎಂದು ಓದುವ ಬದಲು 340 ಓದಿ, ಒಂದನ್ನು ಮನಸ್ಸಿನಲ್ಲಿ ಸೇರಿಸಿಕೊಳ್ಳಬೇಕು. ಇಂಚನ್ನು ತೆಗೆದು ಇಷ್ಟು ಜಾಗ ಮಾಡಿಕೊಂಡವರು ನಾಲ್ಕು ಅಂಕಿ ಮುದ್ರಿಸಲು ಏಕೆ ಜಿಪುಣತನ ಮಾಡಿದರೋ. ತುದಿಯ ಕೊಕ್ಕೆಗೆ ಅಯಸ್ಕಾಂತ ಹಾಕಿದ್ದಾರೆ. ಮರಗೆಲಸದಲ್ಲಿ ಅದರಿಂದ ಉಪಯೋಗ ಕಡಿಮೆ, ನೆಲದ ಮೊಳೆ ಮತ್ತು ಕಬ್ಬಿಣದ ಪುಡಿ ಹಿಡಿದುಕೊಂಡು ಬರುವುದು ಹೆಚ್ಚು, ಪುಡಿ ಕೂತರೆ ಸೊನ್ನೆಯೇ ತಪ್ಪುತ್ತದೆ. ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ ಎಂದು ದೂರುವವರನ್ನು ಕಂಡಿದ್ದೇನೆ. ಅದು ದೋಷವಲ್ಲ. ಹೊರಗಿನಿಂದ ಎಳೆದು ಅಳೆಯುವಾಗ ಕೊಕ್ಕೆಯ ದಪ್ಪ ಲೆಕ್ಕಕ್ಕೆ ಬರಬಾರದು, ಒಳಗೆ ಒತ್ತಿ ಅಳೆಯುವಾಗ ಬರಬೇಕು. ಅದಕ್ಕಾಗಿ ಅದು ತನ್ನ ದಪ್ಪದಷ್ಟೇ ಜರುಗುವಂತೆ ರಿವೆಟ್ ಹಾಕಿರುತ್ತಾರೆ. ಬಡಿದು ಬಿಗಿಮಾಡಬೇಡಿ.

ನಿಖರತೆಯ ಬಗ್ಗೆ ಒಂದು ಮಾತು. ಪಟ್ಟಿಯ ಆರಂಭದಲ್ಲಿ ರೋಮನ್ ಅಂಕಿಯಲ್ಲಿ ಎರಡು ಎಂದು ಮುದ್ರಿಸಿದೆ, ಅಂದರೆ ಎರಡನೇ ದರ್ಜೆ. ಈ ದರ್ಜೆಯ ಟೇಪು ಐದು ಮೀಟರಿನಲ್ಲಿ 1.3 ಮಿಲಿಮೀಟರಿನವರೆಗೆ ಆಚೀಚೆ ಇರಬಹುದು. ಒಂದನೇ ದರ್ಜೆಯದಾದರೆ 0.6. ಈ ಲೆಕ್ಕ 20 ಡಿಗ್ರಿ ಸೆಲ್ಸಿಯಸ್‌ಗೆ. ಬಿಸಿಲಿನಲ್ಲಿ ಉಕ್ಕು ಇಪ್ಪತ್ತು ಡಿಗ್ರಿ ಹೆಚ್ಚು ಕಾದರೆ ಐದು ಮೀಟರಿಗೆ ಇನ್ನೊಂದು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಕಪಾಟಿಗೆ ಎರಡನೇ ದರ್ಜೆ ಸಾಕು. ಶುರುಮಾಡಿದ ಟೇಪಿನಲ್ಲೇ ಕೆಲಸ ಮುಗಿಸಿ, ನಡುವೆ ಇನ್ನೊಬ್ಬರ ಟೇಪ್ ತೆಗೆದುಕೊಳ್ಳಬೇಡಿ, ಅಷ್ಟೇ.

ಯಾರು ಕೊಳ್ಳಬಾರದು ಎಂದರೆ, ಇಂಚಿನ ಕಾಲದಲ್ಲಿ ಕಟ್ಟಿದ ಹಳೆಯ ಮನೆಗಳನ್ನು ದುರಸ್ತಿ ಮಾಡುವವರು. ಅವರಿಗೆ ಆ ಕಿಟಕಿ ಚೌಕಟ್ಟಿನ ಭಾಷೆಯಲ್ಲೇ ಮಾತಾಡುವ ಟೇಪು ಬೇಕು. ಅವರಿಗೂ ನನ್ನ ಸಲಹೆ ಎರಡು ಅಂಚಿನದಲ್ಲ: ಇಂಚಿನದೊಂದು, ಮಿಲಿಮೀಟರಿನದೊಂದು, ಬಣ್ಣ ಬೇರೆ ಬೇರೆ, ಜೇಬು ಬೇರೆ ಬೇರೆ. ನನ್ನ ಗೆಳೆಯ ಮಾತ್ರ ಇನ್ನೂ ತನ್ನ ಎರಡು ಅಂಚಿನದನ್ನು ಬಿಟ್ಟಿಲ್ಲ. ಹಿಂಜು ಕೂರಿಸುವ ದಿನ ನನ್ನದನ್ನು ಕೇಳಿ ಪಡೆಯುತ್ತಾನೆ, ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಹಿಡಿದು ನಿಲ್ಲಿಸುವ ಬೀಗದ ಗುಂಡಿ ಗಟ್ಟಿಯೆಂದು ದೂರಿ ಹಿಂದಿರುಗಿಸುತ್ತಾನೆ. ಗುಂಡಿ ಗಟ್ಟಿಯಿರುವುದು ನಿಜ. ಹೆಬ್ಬೆರಳಿಗೆ ಸ್ವಲ್ಪ ಅಭ್ಯಾಸವಾಗಬೇಕು.